ಹರಾಜಿನ ಅಂಗಳದಿಂದ ಹೊರಗೆ ಕರೆಯುವವರು

ಹಕ್ಕಿ ಫೋಟೋ ತೆಗೆಯುವ ಹುಚ್ಚು ಹಿಡಿದವರಿಗೆ ಒಂದಲ್ಲ ಒಂದು ದಿನ ಲೆನ್ಸಿನ ಚಿಂತೆ ಶುರುವಾಗುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಕೂತರೆ ಹಕ್ಕಿ ಹತ್ತಿರವೇ ಸಿಗುತ್ತದೆ, ಸಾಧಾರಣ ಜೂಮ್ ಸಾಕು. ದಾಂಡೇಲಿಯ ಕಾಡಿನಲ್ಲಿ ಹಾಗಲ್ಲ. ಮರದ ತುತ್ತತುದಿಯಲ್ಲಿ ಕೂತ ಮಂಗಟ್ಟೆಯನ್ನು ಬೆಳಗಿನ ಮಬ್ಬಿನಲ್ಲಿ ಹಿಡಿಯಬೇಕು ಅಂದರೆ 500 ಅಥವಾ 600 ಎಂಎಂ ಬೇಕು, ಅದೂ ಹೆಚ್ಚು ಬೆಳಕು ಒಳಬಿಡುವ ಎಫ್/4 ಆದರೆ ಒಳ್ಳೆಯದು. ಹೊಸ 600 ಎಂಎಂ ಎಫ್/4 ಲೆನ್ಸಿನ ಬೆಲೆ ನಮ್ಮಲ್ಲಿ ಹತ್ತು ಲಕ್ಷ ದಾಟುತ್ತದೆ. ಸಂಬಳದವರು, ಸಣ್ಣ ತೋಟದವರು, ಊರಲ್ಲೊಂದು ಪುಟ್ಟ ಸ್ಟುಡಿಯೋ ಇಟ್ಟುಕೊಂಡವರು ಅಷ್ಟು ದುಡ್ಡು ಎಲ್ಲಿಂದ ತರುತ್ತಾರೆ? ಸೆಕೆಂಡ್ ಹ್ಯಾಂಡ್ ಹುಡುಕುತ್ತಾರೆ. ಹುಡುಕುತ್ತಾ ಹುಡುಕುತ್ತಾ ಆನ್‌ಲೈನ್ ಹರಾಜಿಗೆ ಬಂದು ನಿಲ್ಲುತ್ತಾರೆ.

ಹರಾಜು ಅಂದರೆ ಹೆಚ್ಚಿನವರ ತಲೆಗೆ ಬರುವುದು ಇಬೇ. 1995ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. 2004ರಲ್ಲಿ ಬಾಝೀ ಡಾಟ್ ಕಾಮ್ ಅನ್ನು ಕೊಂಡು ಭಾರತಕ್ಕೂ ಬಂತು. ಇಲ್ಲಿನ ತಾಣ 2018ರಲ್ಲಿ ಬಾಗಿಲು ಹಾಕಿತು. ಈಗ ನಾವು ಅಲ್ಲಿ ಕೊಳ್ಳುವುದು ಹೊರದೇಶದವರಿಂದ. ಹಳೆಯ ಕ್ಯಾಮೆರಾ, ಲೆನ್ಸ್ ಅಂದರೆ ಮುಖ್ಯವಾಗಿ ಜಪಾನಿನವರಿಂದ. ಅಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ವ್ಯಾಪಾರ ಒಂದು ದೊಡ್ಡ ಉದ್ಯೋಗವೇ.

ನಮ್ಮ ಫೋಟೋ ಗೆಳೆಯರ ಬಳಗದಲ್ಲಿ ಯಾರಾದರೂ ದೊಡ್ಡ ಲೆನ್ಸಿಗೆ ಕೈ ಹಾಕುವ ಮೊದಲು ನನಗೆ ಲಿಂಕ್ ಕಳಿಸಿ "ಒಂದ್ಸಲ ನೋಡಿ" ಅನ್ನುವುದು ರೂಢಿಯಾಗಿದೆ. ಹಾಗೆ ನೋಡುತ್ತಾ ಬಂದ ಮೇಲೆ ನನಗೆ ಗಟ್ಟಿಯಾದ ವಿಷಯ ಒಂದೇ. ಬೆಲೆ ಕಡಿಮೆ ಇದ್ದರೆ ಮೋಸ ಅಂತ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜ ಅಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ಕ್ಯಾಮೆರಾ ಮಾರುವ ಮಕ್ಕಳು ಬೆಲೆ ಗೊತ್ತಿಲ್ಲದೆ ಕಡಿಮೆಗೆ ಕೊಡುವುದುಂಟು. ಹರಾಜು ಮುಗಿಯುವ ಹೊತ್ತಿಗೆ ಜನ ಕಡಿಮೆ ಇದ್ದರೆ ಒಳ್ಳೆಯ ವಸ್ತುವೂ ಅಗ್ಗಕ್ಕೆ ಹೋಗುತ್ತದೆ. ನಾನು ಭಯಪಡುವುದು ಬೆಲೆಗಲ್ಲ. ಮಾರುವವನು ನಮ್ಮನ್ನು ಹರಾಜಿನ ಅಂಗಳದಿಂದ ಹೊರಗೆ ಕರೆಯುವ ಘಳಿಗೆಗೆ. "ನನ್ನ ಇಮೇಲಿಗೆ ಬರೆಯಿರಿ", "ವಾಟ್ಸಾಪಿಗೆ ಬನ್ನಿ", "ದುಡ್ಡು ಬೇರೆ ದಾರಿಯಲ್ಲಿ ಕಳಿಸಿ". ಮಾತು ಯಾವುದೇ ಇರಲಿ, ಕರೆಯುವುದು ಹೊರಗೆ. ಕೊಳ್ಳುವವರಿಗೆ ಇರುವ ರಕ್ಷಣೆಯೆಲ್ಲ ಒಳಗೆ. ಹೊಸ್ತಿಲು ದಾಟಿದಿರೋ, ಕೇಳುವವರಿಲ್ಲ.

ಸಿದ್ದಾಪುರದ ಕಡೆಯ ಒಬ್ಬ ಮೇಷ್ಟ್ರ ಕತೆ ಹೇಳುತ್ತೇನೆ. ಹಕ್ಕಿಗಳೆಂದರೆ ಅವರಿಗೆ ಪ್ರಾಣ. ಒಂದು ರಾತ್ರಿ ಫೋನ್ ಮಾಡಿದರು. "ಮಾರಾಯ್ರೇ, ಕೆನಾನ್ 500 ಎಫ್/4, ಎರಡನೇ ವರ್ಷನ್ನು. ಒಂದೂವರೆ ಲಕ್ಷಕ್ಕೆ ಕೊಡ್ತಾರಂತೆ. ಬೆಳಿಗ್ಗೆ ಒಳಗೆ ಹೇಳ್ಬೇಕಂತೆ." ಆ ಲೆನ್ಸು ಸೆಕೆಂಡ್ ಹ್ಯಾಂಡಿನಲ್ಲೂ ಅದರ ಎರಡು ಪಟ್ಟಿಗಿಂತ ಜಾಸ್ತಿ ಬೆಲೆಗೆ ಹೋಗುತ್ತಿತ್ತು. "ಮೇಷ್ಟ್ರೇ, ಸ್ವಲ್ಪ ತಡೀರಿ" ಅಂದು ಲಿಂಕ್ ತೆರೆದೆ.

ಲಿಸ್ಟಿಂಗಿನ ವಿವರಣೆಯಲ್ಲಿ ಅನುಮಾನ ಬರುವಂಥದ್ದು ಏನೂ ಇರಲಿಲ್ಲ. ಆದರೆ ಮೊದಲ ಫೋಟೋದ ಮೇಲೆಯೇ ಕೆಂಪು ಅಕ್ಷರದಲ್ಲಿ ಒಂದು ಇಮೇಲ್ ವಿಳಾಸ. ಬಿಡ್ ಮಾಡುವ ಮೊದಲು ಇಲ್ಲಿಗೆ ಬರೆಯಿರಿ ಅಂತ. ಫೋಟೋದೊಳಗೆ ಯಾಕೆ? ವಿವರಣೆಯಲ್ಲಿ ಇಮೇಲ್ ಬರೆದರೆ ತಾಣದ ಯಂತ್ರ ಹಿಡಿದುಹಾಕುತ್ತದೆ, ಚಿತ್ರದೊಳಗಿನ ಅಕ್ಷರ ಅದರ ಕಣ್ಣು ತಪ್ಪಿಸಿಕೊಳ್ಳಬಹುದು. ಮೇಷ್ಟ್ರು ಆಗಲೇ ಬರೆದಿದ್ದರು, ಉತ್ತರವೂ ಬಂದಿತ್ತು. ಗಂಡ ತೀರಿಕೊಂಡಿದ್ದಾರೆ, ನಾನು ಇಟಲಿಯಲ್ಲಿದ್ದೇನೆ, ಲೆನ್ಸ್ ಪ್ಯಾಕ್ ಆಗಿ ಕೊರಿಯರಿನವರ ಹತ್ತಿರ ಇದೆ, ದುಡ್ಡು ಒಬ್ಬ ಮಧ್ಯಸ್ಥರ ಖಾತೆಯಲ್ಲಿ ಇಡಿ, ಲೆನ್ಸ್ ನೋಡಿ ಒಪ್ಪಿಗೆಯಾದ ಮೇಲೆಯೇ ನನಗೆ ಸೇರುತ್ತದೆ. ಓದಿದವರ ಮನಸ್ಸು ಕರಗಬೇಕು, ಹಾಗಿತ್ತು.

ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತಾ ಹೋದೆ. ಒಂದರಲ್ಲಿ ಲೆನ್ಸ್ ಹುಡ್ಡಿನ ಅಂಚಿನಲ್ಲಿ ಉದ್ದದ ಗೀರು. ಇನ್ನೊಂದರಲ್ಲಿ ಅದೇ ಅಂಚು ಕಾಣುತ್ತಿದೆ, ಗೀರು ಇಲ್ಲ. ಮತ್ತೊಂದರ ಹಿನ್ನೆಲೆಯ ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಇತ್ತು, ಮೂರು ಚಪ್ಪಟೆ ಕಿಂಡಿಗಳದ್ದು. ಅದು ಬ್ರಿಟನ್ನಿನ ಮಾದರಿ. ಇಟಲಿಯ ಮನೆಗಳಲ್ಲಿ ಉರುಟು ಕಿಂಡಿಗಳಿರುತ್ತವೆ. ಕೊನೆಗೆ ಒಂದು ಚಿತ್ರ ನೆಟ್ಟಿನಲ್ಲಿ ಬೇರೆ ಎಲ್ಲಿದೆ ಅಂತ ಹುಡುಕಿಕೊಡುವ 'ಗೂಗಲ್ ಲೆನ್ಸ್' ಆ್ಯಪಿಗೆ ಹಾಕಿದೆ. ಅವುಗಳಲ್ಲಿ ಒಂದು ಚಿತ್ರ ಮುಗಿದುಹೋದ ಬೇರೊಬ್ಬರ ಹರಾಜಿನಿಂದ ಎತ್ತಿದ್ದು. ಮೇಷ್ಟ್ರಿಗೆ ತೋರಿಸಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಆ ಹೆಂಗಸಿಗೆ ನಾನು ಸಮಾಧಾನ ಹೇಳಿ ಕಾಗದ ಬರ್ದಿದ್ದೆ ಮಾರಾಯ್ರೇ" ಅಂದರು. ದುಡ್ಡು ಉಳಿಯಿತು. ಆದರೂ ಆ ಮಾತು ಕೇಳಿ ನನಗೆ ಬಹಳ ಸಿಟ್ಟು ಬಂತು. ಇಂಥವರು ಮೊದಲು ಕೈ ಹಾಕುವುದು ಮನುಷ್ಯರ ಒಳ್ಳೆಯತನಕ್ಕೆ, ಜೇಬಿಗೆ ಆಮೇಲೆ.

ಆ ಮಧ್ಯಸ್ಥರ ಖಾತೆ ಅನ್ನುವುದು ಹಳೇ ಆಟ. ಹೀಗೆ ನಡುವೆ ನಿಂತು ದುಡ್ಡು ಹಿಡಿದಿಡುವ ನಿಜವಾದ ಕಂಪನಿಗಳು ಇವೆ, ಎಸ್ಕ್ರೋ ಅನ್ನುತ್ತಾರೆ. ಮೋಸಗಾರರು ಅವುಗಳ ಹೆಸರನ್ನೇ ಹೋಲುವ ಹೆಸರಿಟ್ಟು, ಅವುಗಳ ಪುಟವನ್ನೇ ಹೋಲುವ ಪುಟ ಕಟ್ಟುತ್ತಾರೆ. ಮೊದಲೆಲ್ಲ ದೇಶದಿಂದ ದೇಶಕ್ಕೆ ದುಡ್ಡು ಕಳಿಸುವ ವೆಸ್ಟರ್ನ್ ಯೂನಿಯನ್ನಿನಲ್ಲಿ ಕಳಿಸಿ ಅನ್ನುತ್ತಿದ್ದರು. ಒಮ್ಮೆ ಕಳಿಸಿದ ದುಡ್ಡು ಯಾವುದೋ ಊರಿನ ಕೌಂಟರಿನಲ್ಲಿ ನಗದಾಗಿ ಹೋದರೆ ಮುಗಿಯಿತು. ಇಂಥ ಮೋಸಗಳನ್ನು ತಡೆಯಲಿಲ್ಲ ಅಂತ ಆ ಕಂಪನಿಯ ಮೇಲೆ ಅಮೆರಿಕ ಸರ್ಕಾರ ಕ್ರಮ ಕೈಗೊಂಡು, 2017ರಲ್ಲಿ ಅದು 58.6 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಈಗ ಕ್ರಿಪ್ಟೋ, ಗಿಫ್ಟ್ ಕಾರ್ಡ್, ಪೇಪ್ಯಾಲಿನ 'ಫ್ರೆಂಡ್ಸ್ ಆಂಡ್ ಫ್ಯಾಮಿಲಿ' ಅಂತ ಕೇಳುತ್ತಾರೆ. ಕೊನೆಯದು ಮನೆಯವರಿಗೆ, ಸ್ನೇಹಿತರಿಗೆ ದುಡ್ಡು ಕಳಿಸುವ ದಾರಿ. ಅದರಲ್ಲಿ ಕೊಳ್ಳುವವರಿಗೆ ರಕ್ಷಣೆ ಇಲ್ಲ. "ಫೀಸು ಉಳಿಯುತ್ತದೆ, ನಿಮಗೂ ಸ್ವಲ್ಪ ಕಡಿಮೆ ಮಾಡ್ತೀನಿ" ಅಂತ ಸಭ್ಯವಾಗಿಯೇ ಹೇಳುತ್ತಾರೆ. ಒಪ್ಪಬೇಡಿ. ಸರಿಯಾದ ದಾರಿಯಲ್ಲಿ ಕೊಟ್ಟರೆ ಪೇಪ್ಯಾಲಿನಲ್ಲಿ 180 ದಿನದೊಳಗೆ ದೂರು ಎತ್ತಬಹುದು. ಇಬೇಯ ಮನಿ ಬ್ಯಾಕ್ ಗ್ಯಾರಂಟಿಯಲ್ಲಿ 30 ದಿನ ಇರುತ್ತದೆ. ಕ್ರೆಡಿಟ್ ಕಾರ್ಡ್ ಬಳಸಿದರೆ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಕೊಟ್ಟ ದುಡ್ಡು ವಾಪಸ್, ಕೇಳುವ ಇನ್ನೊಂದು ದಾರಿಯೂ ಉಳಿಯುತ್ತದೆ.

ಹೊರಗೆ ಕರೆಯುವ ಇನ್ನೊಂದು ಬಗೆ ಇದೆ. ನೀವು ಹರಾಜಿನಲ್ಲಿ ಸೋತಿರುತ್ತೀರಿ. ಬೇಜಾರಾಗಿರುತ್ತದೆ. ಮರುದಿನ ಇಮೇಲ್ ಬರುತ್ತದೆ: ಗೆದ್ದವರು ಹಿಂದೆ ಸರಿದರು, ನೀವು ಕೂಗಿದ ಬೆಲೆಗೇ ಕೊಡುತ್ತೇವೆ. ಎರಡನೆಯವರಿಗೆ ಕೊಡುವ ಪದ್ಧತಿ ನಿಜಕ್ಕೂ ಇದೆ, ಅದಕ್ಕೇ ಜನ ನಂಬುತ್ತಾರೆ. ಆದರೆ ನಿಜವಾದ ಆಫರ್ ಆಗಿದ್ದರೆ ಅದು ನಿಮ್ಮ ಖಾತೆಗೆ ಲಾಗಿನ್ ಆದಾಗ ಅಲ್ಲಿನ ಸಂದೇಶಗಳಲ್ಲೂ ಕಾಣಬೇಕು. ಇಮೇಲಿನಲ್ಲಿರುವ ಲಿಂಕ್ ಒತ್ತಬೇಡಿ. ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ ನೋಡಿ. ಅಲ್ಲಿ ಇಲ್ಲದಿದ್ದರೆ ಆ ಆಫರೇ ಇಲ್ಲ.

ಮಾರುವವರ ಫೀಡ್‌ಬ್ಯಾಕ್ ನೋಡಿ ಅಂತ ಎಲ್ಲರಿಗೂ ಗೊತ್ತು. ಹೇಗೆ ನೋಡಬೇಕು ಅನ್ನುವುದು ಗೊತ್ತಿರುವವರು ಕಡಿಮೆ. ಹೆಸರಿನ ಪಕ್ಕದ ಅಂಕಿಯಲ್ಲಿ ಆ ವ್ಯಕ್ತಿ ಕೊಂಡದ್ದೂ ಸೇರಿರುತ್ತದೆ. 2008ರಿಂದ ಇಬೇಯಲ್ಲಿ ಮಾರುವವರು ಕೊಂಡವರಿಗೆ ಕೆಟ್ಟ ಅಂಕ ಕೊಡುವ ಹಾಗಿಲ್ಲ. ಅಂದರೆ ಬರೀ ಕೊಂಡು ಕೊಂಡೇ ನೂರಕ್ಕೆ ನೂರು ಗಳಿಸಬಹುದು. ಮಾರಿದ್ದಕ್ಕೆ ಬಂದ ಮಾತುಗಳನ್ನು ಬೇರೆ ಮಾಡಿ ಓದಬೇಕು. ಏನು ಮಾರಿದ್ದರು? ಯಾವಾಗ? ವರ್ಷಗಟ್ಟಲೆ ಮಕ್ಕಳ ಬಟ್ಟೆ, ಮೊಬೈಲ್ ಕವರು ಮಾರಿದ ಖಾತೆ, ನಡುವೆ ಎರಡು ವರ್ಷ ಸದ್ದಿಲ್ಲ, ಈಗ ಒಂದೇ ವಾರದಲ್ಲಿ ಹತ್ತಾರು ದುಬಾರಿ ಲೆನ್ಸ್. ಇದು ಆ ಮನುಷ್ಯ ದಿಢೀರನೆ ಕ್ಯಾಮೆರಾ ವ್ಯಾಪಾರಿ ಆದದ್ದಲ್ಲ. ಯಾರೋ ಅವರ ಪಾಸ್‌ವರ್ಡ್ ಕದ್ದಿದ್ದಾರೆ. ಆ ಖಾತೆಯ ನಿಜವಾದ ಒಡೆಯರಿಗೂ ಇದು ಗೊತ್ತಿರುವುದಿಲ್ಲ, ಪಾಪ.

ಇಲ್ಲಿಯವರೆಗೆ ಹೇಳಿದ್ದು ವಸ್ತುವೇ ಇಲ್ಲದ ಮೋಸ. ವಸ್ತು ಇದ್ದೂ ಆಗುವ ಮೋಸದ ಬಗ್ಗೆ ಜಾಸ್ತಿ ಹೇಳಬೇಕಿದೆ. ನಮ್ಮ ಶಿರಸಿಯ ಅಡಿಕೆ ಮಂಡಿಯಲ್ಲಿ ವ್ಯಾಪಾರಸ್ಥರು ಟೆಂಡರ್ ಬರೆಯುವ ಮೊದಲು ರಾಶಿಗೆ ಕೈ ಹಾಕುತ್ತಾರೆ, ಒಂದು ಹಿಡಿ ಎತ್ತಿ ನೋಡುತ್ತಾರೆ, ಆಮೇಲೆ ಬೆಲೆ. ಆನ್‌ಲೈನ್ ಹರಾಜಿನಲ್ಲಿ ಆ ಕೈ ಹಾಕುವ ಕೆಲಸವನ್ನು ಮಾರುವವರಿಂದಲೇ ಮಾಡಿಸಬೇಕು. ಕೇಳಲು ಸಂಕೋಚ ಬೇಡ. ಲಕ್ಷಗಟ್ಟಲೆ ಕೊಡುವವರು ಕೇಳದೆ ಇನ್ಯಾರು ಕೇಳಬೇಕು?

ನಾನು ಕೇಳುವುದು ಒಂದು ಸಣ್ಣ ವಿಡಿಯೋ. ಮೊದಲೆಲ್ಲ ಹೆಸರು, ತಾರೀಕು ಬರೆದ ಚೀಟಿಯನ್ನು ಲೆನ್ಸಿನ ಪಕ್ಕ ಇಟ್ಟು ಫೋಟೋ ಕಳಿಸಿ ಅಂದರೆ ಸಾಕಿತ್ತು. ಎಐ ಬಂದ ಮೇಲೆ ಚೀಟಿಯ ಫೋಟೋವನ್ನು ಯಾರು ಬೇಕಾದರೂ ಹುಟ್ಟಿಸುತ್ತಾರೆ. ವಿಡಿಯೋದಲ್ಲಿ ಸೀರಿಯಲ್ ನಂಬರ್ ಓದುವಷ್ಟು ಹತ್ತಿರದಿಂದ ಕಾಣಬೇಕು. ಫೋಕಸ್ ರಿಂಗ್ ಪೂರ್ತಿ ತಿರುಗಿಸಬೇಕು. ಕ್ಯಾಮೆರಾಕ್ಕೆ ಹಾಕಿ ಆಟೋಫೋಕಸ್ ಹತ್ತಿರಕ್ಕೂ ದೂರಕ್ಕೂ ಓಡುವುದನ್ನು, ಅದರ ಸದ್ದಿನ ಜೊತೆಗೆ, ತೋರಿಸಬೇಕು. ಆಮೇಲೆ ಟಾರ್ಚ್. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿದರೆ ಎಲ್ಲ ಗುಟ್ಟೂ ಹೊರಬೀಳುತ್ತದೆ. ಬೇರಿನ ಹಾಗೆ ಕವಲೊಡೆದ ಬಿಳಿ ಎಳೆಗಳು ಕಂಡರೆ ಫಂಗಸ್. ಗಾಜಿನ ಮೇಲೆ ತೆಳ್ಳಗೆ ಮಂಜು ಕಟ್ಟಿದ ಹಾಗಿದ್ದರೆ ಹೇಜ್. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಮಚ್ಚೆ ಇದ್ದರೆ ಎರಡು ಗಾಜುಗಳನ್ನು ಅಂಟಿಸಿದ ಅಂಟು ಬಿಟ್ಟುಕೊಳ್ಳುತ್ತಿದೆ ಅಂತ. ಮೊದಲ ಎರಡನ್ನು ಒಳ್ಳೆಯ ಮೆಕ್ಯಾನಿಕ್ ಕೆಲವೊಮ್ಮೆ ಸರಿ ಮಾಡಿಯಾರು. ಮೂರನೆಯದಿದ್ದರೆ ಆ ಲೆನ್ಸಿನ ತಂಟೆಗೇ ಹೋಗಬೇಡಿ. ಮಲೆನಾಡಿನವರು ಫಂಗಸ್ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಆಷಾಢದ ಮಳೆಯಲ್ಲಿ ಬೆಲ್ಟಿಗೆ, ಚಪ್ಪಲಿಗೆ ಬೂಸ್ಟು ಬರುವ ಮನೆಗೆ ಆಗಲೇ ಫಂಗಸ್ ಹತ್ತಿದ ಲೆನ್ಸ್ ತಂದರೆ ಅದು ನಿಲ್ಲುವುದಿಲ್ಲ, ಬೆಳೆಯುತ್ತದೆ.

ಕ್ಯಾಮೆರಾ ಬಾಡಿ ಆದರೆ ಶಟರ್ ಎಷ್ಟು ಸಲ ಬಿದ್ದಿದೆ ಅಂತ ಕೇಳಬೇಕು. ನಿಕಾನ್ ಆದರೆ ಕ್ಯಾಮೆರಾದಿಂದ ನೇರ ಬಂದ ಒಂದು ಜೆಪೆಗ್ ಫೈಲ್ ಸಾಕು, ಫೈಲಿನೊಳಗೆ ಕ್ಯಾಮೆರಾ ತಾನೇ ಬರೆದಿಡುವ ಎಕ್ಸಿಫ್ ಮಾಹಿತಿಯಲ್ಲೇ ಆ ಅಂಕಿ ಸಿಗುತ್ತದೆ. ನಿಕಾನ್ ಡಿ850 ಶಟರನ್ನು 2,00,000 ಸಲಕ್ಕೆ, ಕೆನಾನ್ 5ಡಿ ಮಾರ್ಕ್ 3 ಶಟರನ್ನು 1,50,000 ಸಲಕ್ಕೆ ಪರೀಕ್ಷಿಸಿದ್ದೇವೆ ಅಂತ ಕಂಪನಿಗಳೇ ಹೇಳಿವೆ. ಅದು ದಾಟಿದ ಕೂಡಲೇ ಕೆಡುತ್ತದೆ ಅಂತಲ್ಲ, ಬೆಲೆ ಮಾತಾಡುವಾಗ ಗೊತ್ತಿರಬೇಕು. ಆ ಫೈಲಿನಲ್ಲಿ ಕ್ಯಾಮೆರಾದ ಸೀರಿಯಲ್ ನಂಬರ್ ಕೂಡ ಇದ್ದರೆ, ವಿಡಿಯೋದಲ್ಲಿ ಕಂಡ ನಂಬರಿಗೆ ತಾಳೆ ನೋಡಿ. ಕದ್ದ ಮಾಲು ಹೌದೋ ಅಲ್ಲವೋ ಹುಡುಕಲೂ ಅದೇ ನಂಬರ್ ಬೇಕು.

ಜಪಾನಿನ ಮಾರಾಟಗಾರರ ಬಗ್ಗೆ ಒಂದು ಮಾತು. ಬಹಳಷ್ಟು ಜನ ಪ್ರಾಮಾಣಿಕರು. ಪ್ಯಾಕಿಂಗ್ ಅಂತೂ ಬಿಚ್ಚಲು ಮನಸ್ಸೇ ಬಾರದಷ್ಟು ಚೆಂದ. ಆದರೆ ಅವರ ಭಾಷೆ ಕಲಿಯಬೇಕು. ತಲೆಬರಹದಲ್ಲಿ 'ನಿಯರ್ ಮಿಂಟ್' ಅಂತಲೋ, 'ಎಕ್ಸಲೆಂಟ್' ಮುಂದೆ ಐದು ಪ್ಲಸ್ ಗುರುತೋ ಇರುತ್ತದೆ. ಕೆಳಗೆ, ಬಹಳ ಕೆಳಗೆ, 'ತೆಳು ಫಂಗಸ್ ಇದೆ, ಚಿತ್ರಕ್ಕೆ ತೊಂದರೆಯಿಲ್ಲ' ಅನ್ನುವ ಸಾಲು. ಬರೆದಿದ್ದಾರಲ್ಲ, ಮೋಸ ಅನ್ನುವ ಹಾಗಿಲ್ಲ. 'ಜಂಕ್', 'ಆಸ್ ಈಸ್', 'ಅನ್‌ಟೆಸ್ಟೆಡ್' ಅಂದರೆ ಕೆಟ್ಟಿದೆ ಅಂತಲೇ ಹಿಡಿದು ಬೆಲೆ ಕಟ್ಟಿ. ಪರೀಕ್ಷೆ ಮಾಡಲು ಬ್ಯಾಟರಿ ಇಲ್ಲ ಅನ್ನುವ ಕ್ಯಾಮೆರಾ ವ್ಯಾಪಾರಿಯನ್ನು ನಾನು ನಂಬುವುದಿಲ್ಲ.

ನಕಲಿಗಳ ಲೋಕದಲ್ಲಿ ನನಗೆ ಬಹಳ ಕುತೂಹಲ ಇರುವುದು ಲೈಕಾ ಬಗ್ಗೆ. ಲೈಕಾ ಅಂದರೆ ಜನ ಎಷ್ಟು ಕೊಡುತ್ತಾರೆ ಗೊತ್ತಾ? ಲೈಕಾವನ್ನು ರೂಪಿಸಿದ ಆಸ್ಕರ್ ಬರ್ನಾಕ್ ಅವರೇ ಬಳಸಿದ, ಮಾರಾಟಕ್ಕೆ ಮೊದಲು ಪರೀಕ್ಷೆಗೆಂದು ಮಾಡಿದ 0-ಸೀರೀಸ್ ಕ್ಯಾಮೆರಾ, ನಂಬರ್ 105, 2022ರ ಜೂನ್‌ನಲ್ಲಿ ಜರ್ಮನಿಯ ವೆಟ್ಸ್‌ಲರಿನ ಹರಾಜಿನಲ್ಲಿ 1.44 ಕೋಟಿ ಯೂರೋಗೆ ಹೋಯಿತು. ಇಷ್ಟು ಬೆಲೆ ಇರುವ ಹೆಸರಿಗೆ ನಕಲಿ ಹುಟ್ಟದೆ ಇರುತ್ತದೆಯೇ? ಸೋವಿಯತ್ ಒಕ್ಕೂಟದ ಖಾರ್ಕಿವ್‌ನಲ್ಲಿ 1934ರಿಂದ ಫೆಡ್ ಅನ್ನುವ ಕ್ಯಾಮೆರಾ ತಯಾರಾಗುತ್ತಿತ್ತು, ಲೈಕಾ 2ರ ಪಡಿಯಚ್ಚು. ಆಮೇಲೆ ಅಂಥದ್ದೇ ಇನ್ನೊಂದು ಸೋವಿಯತ್ ಕ್ಯಾಮೆರಾ, ಜೋರ್ಕಿ ಬಂತು. ಅವು ಒಳ್ಳೆಯ ಕ್ಯಾಮೆರಾಗಳೇ. ಆದರೆ ಎಷ್ಟೋ ವರ್ಷಗಳ ಮೇಲೆ ಅವುಗಳ ಹೆಸರು ಉಜ್ಜಿ ತೆಗೆದು, ಲೈಕಾ ಅಂತ ಕೆತ್ತಿ, ಚಿನ್ನದ ಬಣ್ಣ ಹೊಡೆದು, 1936ರ ಬರ್ಲಿನ್ ಒಲಿಂಪಿಕ್ಸ್ ಅಂತಲೋ ಜರ್ಮನ್ ವಾಯುಪಡೆಯದು ಅಂತಲೋ ಮುದ್ರೆ ಹಾಕಿ ಮಾರತೊಡಗಿದರು. ಹೊರಗಿನಿಂದ ನೋಡಿದರೆ ಹೊಸಬರಿಗೆ ಗೊತ್ತಾಗುವುದಿಲ್ಲ. ಲೆನ್ಸ್ ಬಿಚ್ಚಿಸಿ ಒಳಗಿನ ಫೋಟೋ ಕೇಳಿ. ಮೇಲ್ಭಾಗದಲ್ಲಿ ರೇಂಜ್‌ಫೈಂಡರಿಗೆ, ಅಂದರೆ ದೂರ ಅಳೆದು ಫೋಕಸ್ ಮಾಡಿಸುವ ಭಾಗಕ್ಕೆ, ತಾಗುವ ಒಂದು ಪುಟ್ಟ ತೋಳಿದೆ. ಲೈಕಾದಲ್ಲಿ ಅದರ ತುದಿಗೆ ಉರುಟಾದ ಚಕ್ರ ಇರುತ್ತದೆ. ಫೆಡ್, ಜೋರ್ಕಿಗಳಲ್ಲಿ ಚಕ್ರ ಇಲ್ಲ, ಬೆಣೆಯಂಥ ತುದಿ. ಮುದ್ರೆ ಎಷ್ಟೇ ಭರ್ಜರಿ ಇರಲಿ, ಆ ತುದಿ ಸುಳ್ಳು ಹೇಳುವುದಿಲ್ಲ.

ದುಡ್ಡು ಕೊಟ್ಟ ಮೇಲೂ ಕಣ್ಣು ಬಿಟ್ಟೇ ಇರಬೇಕು. ಕೆಲವರು ಮಾಡುವ ಒಂದು ಆಟ ಹೀಗಿದೆ. ನಿಮ್ಮ ಊರಿಗೇ, ನಿಮ್ಮ ಪಿನ್ ಕೋಡಿಗೇ, ಆದರೆ ಬೇರೆ ಯಾವುದೋ ವಿಳಾಸಕ್ಕೆ ಒಂದು ಖಾಲಿ ಲಕೋಟೆ ಕಳಿಸುತ್ತಾರೆ. ಟ್ರ್ಯಾಕಿಂಗಿನಲ್ಲಿ 'ಡೆಲಿವರ್ಡ್' ಅಂತ ಬರುತ್ತದೆ. ನೀವು ದೂರು ಕೊಟ್ಟರೆ ಅದನ್ನೇ ತೋರಿಸುತ್ತಾರೆ. ಇದಕ್ಕೆ ಮದ್ದು ತೂಕ. ಕೊರಿಯರಿನ ದಾಖಲೆಯಲ್ಲಿ ಪಾರ್ಸೆಲ್ಲಿನ ತೂಕ ಇರುತ್ತದೆ. ಮೇಷ್ಟ್ರು ಆಸೆಪಟ್ಟ ಆ ಕೆನಾನ್ 500 ಎಂಎಂ ಲೆನ್ಸೊಂದೇ 3,190 ಗ್ರಾಂ. ಪೆಟ್ಟಿಗೆ, ಹುಡ್ಡು ಸೇರಿದರೆ ಇನ್ನೂ ಜಾಸ್ತಿ. ದಾಖಲೆಯಲ್ಲಿ 200 ಗ್ರಾಂ ಅಂತಿದ್ದರೆ ಅದರೊಳಗೆ ಲೆನ್ಸ್ ಇರಲು ಸಾಧ್ಯವೇ ಇಲ್ಲ. ಪೋಸ್ಟಿನವರಿಂದಲೋ ಕೊರಿಯರಿನವರಿಂದಲೋ ತೂಕ ಮತ್ತು ವಿಳಾಸವನ್ನು ಬರವಣಿಗೆಯಲ್ಲಿ ಪಡೆದು ದೂರಿನ ಜೊತೆ ಲಗತ್ತಿಸಿ. ಪಾರ್ಸೆಲ್ ನಿಮ್ಮ ಕೈಗೇ ಬಂದರೆ, ಲೇಬಲ್ ಕಾಣುವ ಹಾಗೆ ಇಟ್ಟು, ಟೇಪ್ ಕತ್ತರಿಸುವುದರಿಂದ ಹಿಡಿದು ಸೀರಿಯಲ್ ನಂಬರ್ ಓದುವವರೆಗೆ ಎಲ್ಲೂ ನಿಲ್ಲಿಸದೆ ವಿಡಿಯೋ ಮಾಡಿ. ಇದು ಒಳ್ಳೆಯ ಮಾರಾಟಗಾರರಿಗೂ ನ್ಯಾಯ. ಕೆಟ್ಟ ಲೆನ್ಸ್ ಬದಲಿಸಿ ವಾಪಸ್ ಕಳಿಸುವ ಗಿರಾಕಿಗಳೂ ಇದ್ದಾರಲ್ವಾ.

ಹೊರದೇಶದಿಂದ ಬರುವ ಪಾರ್ಸೆಲ್ಲಿಗೆ ಕಸ್ಟಮ್ಸ್ ಸುಂಕ ಮತ್ತು ಐಜಿಎಸ್‌ಟಿ ಇದೆ. ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ. ಬಿಡ್ ಮಾಡುವ ಮೊದಲೇ ಈ ಲೆಕ್ಕ ಹಾಕಿ, ಇಲ್ಲದಿದ್ದರೆ ಅಗ್ಗ ಅಂತ ಕೊಂಡದ್ದು ಇಲ್ಲಿನ ಬೆಲೆಯನ್ನೂ ಮೀರಬಹುದು. "ಗಿಫ್ಟ್ ಅಂತ ಬರೆದು ಬೆಲೆ ಕಡಿಮೆ ತೋರಿಸ್ತೀನಿ" ಅಂದರೆ ಬೇಡ ಅನ್ನಿ. ಕಾನೂನಿಗೆ ವಿರುದ್ಧ ಅನ್ನುವುದು ಮೊದಲ ಮಾತು. ಪಾರ್ಸೆಲ್ ಕಳೆದುಹೋದರೆ ವಿಮೆ ಕೇಳುವಾಗಲೂ ಆ ಸುಳ್ಳು ಬೆಲೆಯೇ ನಿಮಗೆ ಅಡ್ಡ ಬರುತ್ತದೆ. ಇನ್ನು ಪಾರ್ಸೆಲ್ ಕಾಯುತ್ತಾ ಕೂತಿರುವಾಗ "ಕಸ್ಟಮ್ಸ್ ಆಫೀಸಿನಿಂದ" ಅಂತ ಫೋನ್ ಬಂದು, ಯಾರದೋ ಸ್ವಂತ ಖಾತೆಗೆ ದುಡ್ಡು ಹಾಕಿ, ಇಲ್ಲದಿದ್ದರೆ ಕೇಸು ಅಂದರೆ ಕೂಡಲೇ ಫೋನ್ ಇಡಿ. ಕಸ್ಟಮ್ಸ್ ಇಲಾಖೆಯ ಪತ್ರಗಳಿಗೆ 2019ರಿಂದ ಡಿನ್ ಅನ್ನುವ ಗುರುತಿನ ನಂಬರ್ ಇರುತ್ತದೆ, ಅದು ನಿಜವೋ ಅಲ್ಲವೋ ಅಂತ ಕಸ್ಟಮ್ಸ್ ನೋಡಿಕೊಳ್ಳುವ ಕೇಂದ್ರ ಮಂಡಳಿ ಸಿಬಿಐಸಿಯ ತಾಣದಲ್ಲಿ ನೋಡಬಹುದು.

ಇಷ್ಟೆಲ್ಲ ಇದ್ದೂ ಜನ ಮೋಸ ಹೋಗುತ್ತಾರೆ. ಓದಿದವರು, ಕಂಪ್ಯೂಟರ್ ಕೆಲಸದವರು, ವಕೀಲರು. ನನಗೆ ಸಂಕಟ ಆಗುವುದು ಆಮೇಲಿನ ಮೌನಕ್ಕೆ. ಮನೆಯಲ್ಲಿ ಹೇಳುವುದಿಲ್ಲ. "ಅಷ್ಟು ದುಡ್ಡು ಕ್ಯಾಮೆರಾಕ್ಕೆ ಸುರಿಯೋದೇ ತಪ್ಪು, ಅದರಲ್ಲೂ ಹೀಗಾ" ಅನ್ನುತ್ತಾರೆ ಅನ್ನುವ ಭಯ. ಗೆಳೆಯರಿಗೆ ಹೇಳಿದರೆ ಮರ್ಯಾದೆ ಹೋಗುತ್ತದೆ ಅನ್ನುವ ಅಂಜಿಕೆ. ಆ ಸಂಕೋಚದಲ್ಲಿ ಕಳೆಯುವ ಒಂದೊಂದು ಗಂಟೆಯೂ ಕಳ್ಳರಿಗೆ ಲಾಭ. ಇಲ್ಲಿನ ಖಾತೆಗೆ ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ಹೇಳಿದರೆ ದುಡ್ಡು ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯುವ ಸಾಧ್ಯತೆ ಇರುತ್ತದೆ. ಸೈಬರ್‌ಕ್ರೈಂ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ದಾಖಲಿಸಬಹುದು. ಲಿಸ್ಟಿಂಗಿನ ಪುಟ, ಮಾತುಕತೆ, ವಹಿವಾಟಿನ ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಸಿಟ್ಟಿನಲ್ಲಿ ಚಾಟ್ ಅಳಿಸಿಬಿಡುತ್ತಾರೆ ಕೆಲವರು. ದಯವಿಟ್ಟು ಅಳಿಸಬೇಡಿ.

ನಮ್ಮ ಬಳಗದ ಒಬ್ಬ ಹುಡುಗ, ಮದುವೆ ಫೋಟೋ ತೆಗೆದು ಜೀವನ ಮಾಡುವವನು, ಹೀಗೆ ದುಡ್ಡು ಕಳೆದುಕೊಂಡ. ಮಾರುವವನು ತಾನು ಸೇನೆಯಲ್ಲಿದ್ದೇನೆ, ಬೇರೆ ಕಡೆ ವರ್ಗವಾಗಿದೆ, ಅದಕ್ಕೇ ಮಾರುತ್ತಿದ್ದೇನೆ ಅಂದಿದ್ದ. ಯೂನಿಫಾರ್ಮಿನ ಫೋಟೋ, ಕ್ಯಾಂಟೀನ್ ಕಾರ್ಡ್ ಎಲ್ಲ ಕಳಿಸಿದ್ದ. ದೂರು ಕೊಟ್ಟು ಬಂದ ಹುಡುಗ ಸುಮ್ನೆ ಕೂರಲಿಲ್ಲ. ಮೋಸಗಾರನ ನಂಬರ್, ಲೆನ್ಸಿನ ಫೋಟೋ, ಅವನು ಬರೆದ ಮಾತುಗಳು, ಎಲ್ಲವನ್ನೂ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ. "ನಾನು ದುಡ್ಡು ಕಳ್ಕೊಂಡೆ, ಬೇರೆ ಯಾರೂ ಕಳ್ಕೋಬೇಡಿ" ಅಂತ ಕೆಳಗೆ ಬರೆದ. ಯಾರೂ ಅವನನ್ನು ಆಡಿಕೊಳ್ಳಲಿಲ್ಲ. ಅರ್ಧ ಗಂಟೆಯೊಳಗೆ ಮೈಸೂರಿನ ಒಬ್ಬರು ಉತ್ತರ ಹಾಕಿದರು: ಅದೇ ಲೆನ್ಸ್, ಅದೇ ಫೋಟೋ, ಅದೇ ನಂಬರ್, ನಾಳೆ ಬೆಳಿಗ್ಗೆ ಅಡ್ವಾನ್ಸ್ ಕಳಿಸುವವನಿದ್ದೆ.